ಮನೆಗೆ ಎಷ್ಟು ಕೆವಿಎ ಜನರೇಟರ್ ಬೇಕು ಅಂತ ಲೆಕ್ಕ ಹಾಕೋದು ಹೇಗೆ?

ಫ್ರಿಜ್, ನಾಲ್ಕು ಫ್ಯಾನು, ಲೈಟು, ಟಿವಿ ಓಡ್ಬೇಕು, 1 ಎಚ್‌ಪಿ ನೀರಿನ ಮೋಟಾರೂ ಓಡಿದ್ರೆ ಒಳ್ಳೇದು ಅಂತ ಕೇಳಿದೀರ. ಮೊದ್ಲು ಮೋಟಾರ್ ಬಿಟ್ಟು ನೋಡಿ: ಫ್ಯಾನು ತಲಾ 75 ವ್ಯಾಟ್ ಅಂದ್ರೆ 300, ಎಲ್‌ಇಡಿ ಲೈಟೆಲ್ಲ ಸೇರಿ 100, ಟಿವಿ 100, ಫ್ರಿಜ್ ಸುಮಾರು 200, ಒಟ್ಟು 700. ಇಷ್ಟಕ್ಕೇ ನಿಲ್ಲಿಸ್ಬೇಡಿ, ಮೋಟಾರ್ ಇರೋ ಸಾಮಾನು ಸ್ಟಾರ್ಟ್ ಆಗೋ ಕ್ಷಣದಲ್ಲಿ ಮೂರು ಪಟ್ಟು, ಕೆಲವು ಸಲ ಇನ್ನೂ ಜಾಸ್ತಿ ಎಳೆಯುತ್ತೆ, ಹಾಗಾಗಿ ಫ್ರಿಜ್‌ಗೆ 600 ಹಿಡಿದ್ರೆ 1100 ಆಯ್ತು. 2 ಕೆವಿಎ ಅಂದ್ರೆ 2000 ವ್ಯಾಟ್ ಅಲ್ಲ, ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ನಿಜಕ್ಕೂ ಕೆಲಸಕ್ಕೆ ಬರೋ ಪಾಲು) 0.8 ಇದ್ರೆ 1600 ವ್ಯಾಟ್, ಇದಕ್ಕೆ ಅದು ಸಾಕು. ಜನರೇಟರ್ ಮೇಲೆ ಬರೆದಿರೋ ಮ್ಯಾಕ್ಸಿಮಮ್ (ಸ್ವಲ್ಪ ಹೊತ್ತು ಮಾತ್ರ ಕೊಡೋದು) ನೋಡ್ಬೇಡಿ, ರೇಟೆಡ್ (ಸತತವಾಗಿ ಕೊಡೋದು) ಎಷ್ಟಿದೆ ಅದನ್ನೇ ನೋಡಿ.

1 ಎಚ್‌ಪಿ ಅಂದ್ರೆ 746 ವ್ಯಾಟ್ ಅಂತಾರೆ, ಆದ್ರೆ ಅದು ಶಾಫ್ಟ್‌ನ ಔಟ್‌ಪುಟ್, ಅಂದ್ರೆ ಮೋಟಾರ್ ತಿರುಗಿ ಹೊರಗೆ ಕೊಡೋ ಶಕ್ತಿ, ಪಂಪ್ ಕರೆಂಟಿಂದ ಎಳೆಯೋದು 1000 ದಾಟುತ್ತೆ, ಸ್ಟಾರ್ಟಿಂಗ್‌ಗೆ 3000ಕ್ಕೂ ಮೇಲೆ, ಆಗ 5 ಕೆವಿಎಗೆ ಹೋಗ್ಬೇಕಾಗುತ್ತೆ. ದಿನಕ್ಕೆ ಸ್ವಲ್ಪ ಹೊತ್ತು ಓಡೋ ಪಂಪ್‌ಗೋಸ್ಕರ ಅಷ್ಟು ದೊಡ್ಡದು ತಗೊಂಡು ಉಳಿದ ಹೊತ್ತೆಲ್ಲ ಪೆಟ್ರೋಲ್ ಸುಡೋದು ನನಗಂತೂ ಸರಿ ಕಾಣಲ್ಲ, ಕರೆಂಟ್ ಇದ್ದಾಗ್ಲೇ ಟ್ಯಾಂಕ್ ತುಂಬಿಸ್ಕೊಳ್ಳಿ.

ಲ್ಯಾಪ್‌ಟಾಪ್ ಇದ್ರೆ ಇನ್ವರ್ಟರ್ ಜನರೇಟರ್ ನೋಡಿ, ವೋಲ್ಟೇಜ್ ಸ್ಥಿರವಾಗಿರುತ್ತೆ, ಸದ್ದೂ ಕಮ್ಮಿ.

ದಯವಿಟ್ಟು ಮನೆ ಒಳಗೆ, ಗ್ಯಾರೇಜಲ್ಲಿ, ಬಾಲ್ಕನಿಯಲ್ಲಿ ಓಡಿಸ್ಲೇಬೇಡಿ, ಕಿಟಕಿ ತೆಗೆದಿದ್ರೂ ಬೇಡ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಜೀವ ತೆಗೆಯುತ್ತೆ. ಮನೆ ವೈರಿಂಗ್‌ಗೆ ಕೊಡೋದಾದ್ರೆ ಎಲೆಕ್ಟ್ರಿಷಿಯನ್ ಕೈಲಿ ಚೇಂಜ್‌ಓವರ್ ಸ್ವಿಚ್ (ಲೈನು, ಜನರೇಟರು ಎರಡರಲ್ಲಿ ಒಂದನ್ನ ಮಾತ್ರ ಮನೆಗೆ ಜೋಡಿಸೋ ಸ್ವಿಚ್) ಹಾಕಿಸಿ, ಇಲ್ಲಾಂದ್ರೆ ಕರೆಂಟ್ ವಾಪಸ್ ಲೈನಿಗೆ ಹೋಗಿ ಕಂಬದ ಮೇಲಿರೋ ಲೈನ್‌ಮ್ಯಾನ್‌ಗೆ ಹೊಡೆಯುತ್ತೆ.