ಮಾಸ್ತರರನ್ನು ಕೇಳಿ: ಮೊದಲು ಬಯಾಲಜಿಯೋ, ಫಿಸಿಕ್ಸೋ?

ಪ್ರಶ್ನೆ: ಮಾಸ್ತರೇ, ನಮ್ಮದು ಸಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟ. ಮಗ ಅಮೆರಿಕದಲ್ಲಿದ್ದಾನೆ. ಮೊಮ್ಮಗಳಿಗೆ ಅಲ್ಲಿ 8ನೇ ತರಗತಿ. ಮುಂದಿನ ವರ್ಷ ಹೈಸ್ಕೂಲು. ಅಲ್ಲಿ ವಿಜ್ಞಾನ ಅಂದರೆ ವರ್ಷಕ್ಕೊಂದು ವಿಷಯವಂತೆ. 9ರಲ್ಲಿ ಬಯಾಲಜಿ, 10ರಲ್ಲಿ ಕೆಮಿಸ್ಟ್ರಿ, 11ರಲ್ಲಿ ಫಿಸಿಕ್ಸ್ ತಗೊಳ್ಳಬಹುದು. ಬೇಕಾದರೆ ಫಿಸಿಕ್ಸ್‌ನಿಂದ ಶುರು ಮಾಡಿ ಉಲ್ಟಾ ಬರಬಹುದು. ಅವಳಿಗೆ ಗಿಡ, ಹುಳ ಅಂದರೆ ಪ್ರಾಣ. ಬೀಜಗಣಿತ ಮಾತ್ರ ಅಷ್ಟಕ್ಕಷ್ಟೆ. ಮಗ ಫಿಸಿಕ್ಸೇ ಮೊದಲಾಗಲಿ ಅನ್ನುತ್ತಾನೆ, ಸೊಸೆ ಲೆಕ್ಕ ಕಷ್ಟವಾದೀತು, ಬೇಡ ಅನ್ನುತ್ತಾಳೆ. ಇಬ್ಬರೂ ನನ್ನನ್ನು ಕೇಳುತ್ತಾರೆ. ನಾನು ಓದಿದ್ದು ಏಳನೇ ಕ್ಲಾಸು. ಏನು ಹೇಳಲಿ?

ಉತ್ತರ: ನಿಮ್ಮ ಮಗನ ಮಾತು ಅವನ ಸ್ವಂತ ಹುಚ್ಚಲ್ಲ. 1988ರ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಲಿಯಾನ್ ಲೆಡರ್‌ಮನ್ ವರ್ಷಗಟ್ಟಲೆ ಇದನ್ನೇ ಹೇಳಿದರು. ಹಳೇ ಕಾಲದ ಬಯಾಲಜಿ ಅಂದರೆ ಎಲೆ, ಬೇರು, ಕಪ್ಪೆಯ ಹೊಟ್ಟೆ. ಹೆಸರು ಬಾಯಿಪಾಠ ಮಾಡಿ ಚಿತ್ರ ಬರೆದರೆ ಮುಗಿಯಿತು. 1953ರಲ್ಲಿ ಡಿಎನ್‌ಎ ರಚನೆ ಗೊತ್ತಾದ ಮೇಲೆ ಅದು ಅಣುಗಳ ಕಥೆಯಾಯಿತು. ಅಣು ಅರ್ಥವಾಗಲು ಕೆಮಿಸ್ಟ್ರಿ ಬೇಕು, ಕೆಮಿಸ್ಟ್ರಿಗೆ ಫಿಸಿಕ್ಸ್ ಬೇಕು.

ನಿಮ್ಮ ಅಡುಗೆಮನೆಯಲ್ಲೇ ನೋಡಿ. ಅಪ್ಪೆಮಿಡಿಗೆ ಉಪ್ಪು ಹಾಕಿ ಭರಣಿಯಲ್ಲಿ ಇಡುತ್ತಾರೆ. ಒಂದು ಹನಿ ನೀರು ಹಾಕಿರುವುದಿಲ್ಲ. ಕೆಲವೇ ದಿನಕ್ಕೆ ಮಿಡಿ ಸುಕ್ಕಾಗಿ, ಭರಣಿಯಲ್ಲಿ ನೀರು ನಿಂತಿರುತ್ತದೆ. ಬಯಾಲಜಿ ಪುಸ್ತಕ ಇದಕ್ಕೆ ಆಸ್ಮೋಸಿಸ್ ಅನ್ನುತ್ತದೆ. ಆದರೆ ಮಿಡಿಯೊಳಗಿನ ನೀರು ಹೊರಗೆ ಬಂದದ್ದು ಯಾಕೆ? ಉಪ್ಪು ಹೇಗೆ ಕರಗುತ್ತದೆ, ನೀರಿನ ಕಣ ಸುಮ್ನೆ ಕೂರದೆ ಯಾಕೆ ಓಡಾಡುತ್ತದೆ ಅಂತ ಹೇಳದೆ ಉತ್ತರ ಕೊಡಲಾಗದು. ಅದು ಕೆಮಿಸ್ಟ್ರಿ, ಫಿಸಿಕ್ಸ್ ಕೆಲಸ.

ಹಾಗಂತ ಸೊಸೆಯ ಹೆದರಿಕೆ ಸುಳ್ಳಲ್ಲ. ನಾನೇ ಕೈ ಸುಟ್ಟುಕೊಂಡವನು. ಕುಮಟಾ ಕಡೆ ಕೆಲಸಕ್ಕೆ ಸೇರಿದ ಹೊಸತು. ಬಹಳ ಹುಮ್ಮಸ್ಸಿನಲ್ಲಿ ಕರೆಂಟಿನ ಪಾಠದಿಂದಲೇ ವರ್ಷ ಶುರು ಮಾಡಿದೆ. ಒಂದೂವರೆ ವೋಲ್ಟಿನ ಸೆಲ್, 3 ಓಮ್ ರೋಧ, ಕರೆಂಟ್ ಎಷ್ಟು? ಹಿಂದಿನ ಬೆಂಚಿನ ಹುಡುಗ ಧೈರ್ಯವಾಗಿ 2 ಆಂಪಿಯರ್ ಅಂದ. ದೊಡ್ಡ ಸಂಖ್ಯೆಯನ್ನು ಸಣ್ಣದರಿಂದಲೇ ಭಾಗಿಸಬೇಕು ಅಂತ ಅವನ ನಂಬಿಕೆ. ವೋಲ್ಟನ್ನು ಓಮ್‌ನಿಂದ ಭಾಗಿಸಬೇಕು, ಉತ್ತರ ಅರ್ಧ ಆಂಪಿಯರ್ ಅಂದರೆ ಕ್ಲಾಸಿನಲ್ಲಿ ಯಾರೂ ಒಪ್ಪಲಿಲ್ಲ. ಒಂದು ವಾರ ಕರೆಂಟ್ ಬದಿಗಿಟ್ಟು ದಶಮಾಂಶ ಕಲಿಸಿದೆ. ಹುಡುಗರಿಗೆ ಕಷ್ಟವಾಗಿದ್ದು ಫಿಸಿಕ್ಸ್ ಅಲ್ಲ, ಭಾಗಾಕಾರ.

ಅದೇ ಜುಲೈನಲ್ಲಿ ಮಸೂರದ ಪಾಠ ತೆಗೆದುಕೊಂಡೆ. ಕರಾವಳಿಯ ಜುಲೈ ಗೊತ್ತಲ್ವಾ? ಬಿಸಿಲಿನಿಂದ ಕಾಗದ ಸುಡಬೇಕಾದ ನಾವು ಮಸೂರ ಹಿಡಿದು ಅಂಗಳದಲ್ಲಿ ಕೊಡೆ ಕೆಳಗೆ ನಿಂತಿದ್ದೆವು. ಮರುವರ್ಷದಿಂದ ಮಳೆಗಾಲಕ್ಕೆ ಪಾಚಿ, ಅಣಬೆ, ಕಪ್ಪೆ. ದೀಪಾವಳಿ ಕಳೆದ ಮೇಲೆ ಬೆಳಕಿನ ಪಾಠ. ಪುಸ್ತಕದ ಕ್ರಮ ಪುಸ್ತಕದಲ್ಲೇ ಉಳಿಯಿತು. ಒಮ್ಮೆ ಇನ್‌ಸ್ಪೆಕ್ಷನ್‌ಗೆ ಬಂದವರು ಗೊಣಗಿದರು, ಅದು ಬೇರೆ ಕಥೆ.

ಈಗ ನಿಮ್ಮ ಮೊಮ್ಮಗಳ ಲೆಕ್ಕ. ಫಿಲಿಪ್ ಸ್ಯಾಡ್ಲರ್ ಮತ್ತು ರಾಬರ್ಟ್ ಟಾಯ್ ಎಂಬ ಇಬ್ಬರು ಅಮೆರಿಕದ 8 ಸಾವಿರಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳನ್ನು ವಿಚಾರಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೈಸ್ಕೂಲಿನಲ್ಲಿ ಓದಿದ ಫಿಸಿಕ್ಸ್ ಕಾಲೇಜಿನ ಫಿಸಿಕ್ಸ್‌ಗೆ ಒದಗಿತು. ಕಾಲೇಜಿನ ಬಯಾಲಜಿ, ಕೆಮಿಸ್ಟ್ರಿಗೆ ಹೇಳಿಕೊಳ್ಳುವಷ್ಟು ಒದಗಲಿಲ್ಲ. ಗಣಿತ ಜಾಸ್ತಿ ಓದಿದವರು ಮಾತ್ರ ಮೂರರಲ್ಲೂ ಮುಂದಿದ್ದರು.

ಹಾಗಾಗಿ ನನ್ನ ಓಟು ಸೊಸೆಗೆ. 9ರಲ್ಲಿ ಬಯಾಲಜಿ ಇರಲಿ, ಹುಳ ಹಿಡಿಯುವ ವಯಸ್ಸು ಅದು. ಆ ವರ್ಷ ಮನೆಯಲ್ಲಿ ಬೀಜಗಣಿತ ಗಟ್ಟಿ ಮಾಡಿಸಲಿ. ಮಗ ಪಟ್ಟು ಬಿಡದಿದ್ದರೆ ಶಾಲೆಯಲ್ಲಿ ಒಂದು ಮಾತು ಕೇಳಲಿ: 9ನೇ ತರಗತಿಯ ಫಿಸಿಕ್ಸ್ ಸೂತ್ರದ್ದೋ, ಪ್ರಯೋಗ ಮಾಡಿ ಮಾತಾಡುವಂಥದ್ದೋ? ಎರಡನೆಯದಾದರೆ ನನ್ನ ಆಕ್ಷೇಪವಿಲ್ಲ.

ನೀವು ಏಳನೇ ಕ್ಲಾಸು ಅಂತ ಹಿಂಜರಿಯಬೇಡಿ. ಮುಂದಿನ ವಿಡಿಯೋ ಕಾಲಿನಲ್ಲಿ ಅಡಕತ್ತರಿ ತೋರಿಸಿ. ಒಣ ಅಡಿಕೆಯನ್ನು ಮೊಳೆಯಿಂದ ದೂರ ಇಟ್ಟು ಒತ್ತಿ. ಆಮೇಲೆ ಮೊಳೆಯ ಹತ್ತಿರ ತಂದು ಒತ್ತಿ. ಎರಡನೇ ಸಲ ಯಾಕೆ ಸಲೀಸಾಯಿತು ಅಂತ ಅವಳೇ ಹೇಳಲಿ. ಸ್ಕೇಲು ಹಿಡಿದು ಅಳೆಯಲೂ ಹೇಳಿ.

ಪ್ರಶ್ನೆ: ಎಸ್ಸೆಸ್ಸೆಲ್ಸಿ ಮುಗಿಸಿದ್ದೇನೆ. ಪಿಯುಸಿಗೆ ಪಿಸಿಎಂಬಿಯೋ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ), ಪಿಸಿಎಂಸಿಯೋ (ಬಯಾಲಜಿ ಬದಲು ಕಂಪ್ಯೂಟರ್)? ಮನೆಯಲ್ಲಿ ಎರಡೂ ದಾರಿ ತೆರೆದಿಟ್ಟುಕೋ ಅನ್ನುತ್ತಾರೆ. – ಅಂಕೋಲಾದ ಓದುಗ

ಉತ್ತರ: ಡಾಕ್ಟರ್ ಓದಿಗೆ ಬರೆಯುವ ನೀಟ್‌ಗೆ ಬಯಾಲಜಿ ಬೇಕು, ಇಂಜಿನಿಯರಿಂಗ್ ಸಿಇಟಿಗೆ ಗಣಿತ. ಪಿಸಿಎಂಬಿಯಲ್ಲಿ ಎರಡೂ ಇವೆ. ಆದರೆ ಎರಡೂ ಪರೀಕ್ಷೆಗೆ ಒಟ್ಟಿಗೆ ತಯಾರಾಗುತ್ತೇನೆ ಅಂತ ಹೊರಟವರು ಸುಸ್ತಾಗಿದ್ದನ್ನೇ ಜಾಸ್ತಿ ನೋಡಿದ್ದೇನೆ. ನಿನಗೆ ಯಾವುದು ಇಷ್ಟ ಅಂತ ನೀನು ಬರೆದೇ ಇಲ್ಲ. ಅದನ್ನು ಬರೆದು ಮತ್ತೊಮ್ಮೆ ಕಳಿಸು.