ಮೀಟರ್ ಬದಲಾಯಿಸುವ ಮೊದಲು ಬೆರಳು ತೊಳೆದು ನೋಡಿ

ಮನೆಯಲ್ಲಿ ರಕ್ತದ ಶುಗರ್ ನೋಡುವ ಗ್ಲುಕೋಮೀಟರ್ ಒಂದೊಂದು ಸಲ ಒಂದೊಂದು ನಂಬರ್ ತೋರಿಸುತ್ತದೆ, ಯಾವ ಕಂಪನಿಯದು ಕೊಳ್ಳಲಿ ಅಂತ ಕೇಳಿದ್ದೀರಿ. ಯಾವುದೂ ಬೇಡ. ಮೊದಲು ಇದನ್ನು ಓದಿ.

ನಮ್ಮದು ಶ್ರೀನಿವಾಸಪುರ. ಮೇ ತಿಂಗಳು ಬಂತೆಂದರೆ ಮನೆ ತುಂಬಾ ಮಾವು. ಆವತ್ತು ಸಂಜೆ ಅಮ್ಮ ಮೊಮ್ಮಕ್ಕಳಿಗೆ ಬಾದಾಮಿ ಹಣ್ಣು ಹೆಚ್ಚಿಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತಳು. ಬೆರಳಿಗೆ ಸ್ಪಿರಿಟ್ ಹತ್ತಿ ಸವರಿ ಚುಚ್ಚಿದೆ. 348! ಬೆಳಿಗ್ಗೆ 140 ಇತ್ತು. ‘ಕದ್ದು ತಿಂದಿದ್ದೀಯ ಅಲ್ವಾ’ ಅಂತ ರೇಗಿದೆ. ‘ಇಲ್ಲ ಕಣೋ, ಬಾಯಿಗೇ ಹಾಕಿಲ್ಲ’ ಅಂದಳು. ನಾನು ನಂಬಲಿಲ್ಲ. ಡಾಕ್ಟರನ್ನೂ ಕೇಳದೆ ಇನ್ಸುಲಿನ್ 6 ಯೂನಿಟ್ ಜಾಸ್ತಿ ಕೊಟ್ಟೆ.

ಎರಡು ಗಂಟೆಯೊಳಗೆ ಅಮ್ಮ ಬೆವತು ಹೋದಳು. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಊಟಕ್ಕೆಂದು ಕೈ ತೊಳೆದಿದ್ದಳು, ಆಗ ನೋಡಿದರೆ 52. ಗ್ಲೂಕೋಸ್ ಪುಡಿ ಕಲಸಿ ಕುಡಿಸಿ, ಕಾಲು ಗಂಟೆ ಕಾದು ಮತ್ತೆ ಚುಚ್ಚಿದೆ. 86. ಆ ಕಾಲು ಗಂಟೆ ನನಗೆ ಇವತ್ತಿಗೂ ಮರೆತಿಲ್ಲ.

ಮಾರನೇ ದಿನ ಶುಗರ್ ಇಲ್ಲದ ನಾನೇ ಹಣ್ಣು ಸುಲಿದು ಬೆರಳು ಚುಚ್ಚಿಕೊಂಡೆ. 270. ಸೋಪಲ್ಲಿ ತೊಳೆದು, ಒಣಗಿಸಿ ಚುಚ್ಚಿಕೊಂಡೆ. 98.

ಕಾರಣ ಇಷ್ಟೇ. ರಕ್ತದ ಹನಿ ತಾಗಿಸುವ ಸ್ಟ್ರಿಪ್‌ನಲ್ಲಿರುವ ಕಿಣ್ವ (ಎನ್‌ಜೈಮ್) ಗ್ಲೂಕೋಸ್‌ನಿಂದ ಎಲೆಕ್ಟ್ರಾನ್ ಕೀಳುತ್ತದೆ. ಅದರಿಂದ ಹರಿಯುವ ಕರೆಂಟನ್ನು ಅಳೆದು ಮೀಟರ್ ನಂಬರ್ ತೋರಿಸುತ್ತದೆ. ಆ ಗ್ಲೂಕೋಸ್ ರಕ್ತದ್ದೋ ಮಾವಿನದೋ ಅದಕ್ಕೆ ಗೊತ್ತಾಗುವುದಿಲ್ಲ. ಶುಗರ್ 100 ಇದ್ದಾಗ ಒಂದು ಮೈಕ್ರೋಲೀಟರ್ ರಕ್ತದಲ್ಲಿರುವ ಗ್ಲೂಕೋಸ್ ಒಂದೇ ಒಂದು ಮೈಕ್ರೋಗ್ರಾಂ. ಬೆರಳಿನ ಮೇಲೆ ಇನ್ನೆರಡು ಮೈಕ್ರೋಗ್ರಾಂ ಅಂಟಿದ್ದರೆ 300 ಆಯಿತು. ಕಣ್ಣಿಗೆ ಕಾಣುವಷ್ಟೂ ಅಲ್ಲ ಅದು. ಸ್ಪಿರಿಟ್ ಹತ್ತಿ ಸುಮ್ನೆ ಒಂದು ಸಲ ಸವರಿದರೆ ಹೋಗುವುದಿಲ್ಲ, ನೀರೇ ಬೇಕು. ಒದ್ದೆ ಬೆರಳೂ ಬೇಡ, ರಕ್ತ ತೆಳುವಾಗಿ ನಂಬರ್ ಇಳಿಯುತ್ತದೆ.

ಇನ್ನೊಂದು ಮಾತು. ಮೀಟರ್‌ಗಳಿಗೆ ಅಂತರರಾಷ್ಟ್ರೀಯ ಗುಣಮಟ್ಟ ಸಂಸ್ಥೆ ಐಎಸ್‌ಒ ಮಾಡಿರುವ 2013ರ ನಿಯಮದಲ್ಲೇ, ಶುಗರ್ 100ರ ಮೇಲಿದ್ದಾಗ ಶೇಕಡಾ 15ರಷ್ಟು ಆಚೀಚೆ ಆಗುವುದಕ್ಕೆ ಅವಕಾಶವಿದೆ. ಲ್ಯಾಬಲ್ಲಿ 200 ಬಂದಿದ್ದು ಮನೆಯಲ್ಲಿ 175 ಬಂದರೆ ಮೀಟರ್ ಕೆಟ್ಟಿಲ್ಲ. ಸ್ಟ್ರಿಪ್ ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಹಾಕಿಡಿ, ತೇವ ತಾಗಿದರೆ ಕಿಣ್ವ ಹಾಳು.

ಇವತ್ತು ಕೈ ತೊಳೆದು, ಒರೆಸಿ, ಒಂದೇ ಬೆರಳಲ್ಲಿ ಎರಡು ಸಲ ನೋಡಿ. ಆಮೇಲೂ 50, 60 ವ್ಯತ್ಯಾಸ ಬಂದರೆ ಹೊಸ ಮೀಟರ್ ವಿಷಯ ಮಾತಾಡೋಣ.