ಸೈಡ್‌ಬಾರ್ ಮೆನು ಬದಲಾಯಿಸಲು ಥೀಮಿನ ಫೈಲನ್ನೇ ತಿದ್ದಬಹುದೇ?

ನಿಮ್ಮ ಪ್ರಶ್ನೆಯಲ್ಲಿ ನನ್ನದೇ ಹಳೆಯ ಕಥೆ ಕಂಡಿತು. ವರ್ಡ್‌ಪ್ರೆಸ್ ತಾಣದ ಸೈಡ್‌ಬಾರಿನಲ್ಲಿ ಮೂರು ಹಂತದ ಮೆನು ಬೇಕು, ಮೌಸ್ ತಂದೊಡನೆ ಒಳಮೆನು ತೆರೆದುಕೊಳ್ಳಬೇಕು, ಅದಕ್ಕಾಗಿ ಥೀಮಿನ (ತಾಣದ ರೂಪವನ್ನು ನಿರ್ಧರಿಸುವ ಫೈಲುಗಳ ಕಟ್ಟಿನ) ಸೈಡ್‌ಬಾರ್ ಫೈಲನ್ನು ಈಗಾಗಲೇ ಸ್ವಲ್ಪ ತಿದ್ದಿಯಾಗಿದೆ, ಇನ್ನು ಹಾಗೆಯೇ ಮುಂದುವರಿಯುವುದೋ ಅಥವಾ ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಕೊಡುವ ಪುಟ್ಟ ತಂತ್ರಾಂಶ) ಹಾಕಿಕೊಳ್ಳುವುದೋ ಎಂಬುದು ನಿಮ್ಮ ಗೊಂದಲ. ನಾನು ಮುಂದುವರಿದವನು. ಏನಾಯಿತೆಂಬುದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನದು ಲೇಖನಗಳ ತಾಣ. ಥೀಮ್ ಕೊಟ್ಟಿದ್ದ ಸೈಡ್‌ಬಾರಿನಲ್ಲಿ ಹುಡುಕುವ ಪೆಟ್ಟಿಗೆ, ಇತ್ತೀಚಿನ ಲೇಖನಗಳು, ತಿಂಗಳುವಾರು ಸಂಗ್ರಹ ಇವಿಷ್ಟೇ ಇದ್ದವು. ನನಗೆ ಬೇಕಾಗಿದ್ದದ್ದು ವಿಷಯವಾರು ಮೆನು. ತಾಣವನ್ನು ನಿರ್ವಹಿಸುವ ಜಾಗವಾದ ಡ್ಯಾಶ್‌ಬೋರ್ಡಿನಲ್ಲೇ ಮೆನು ಕಟ್ಟುವ ಸೌಲಭ್ಯ 2010ರಲ್ಲಿ ಬಂದ 3.0 ಆವೃತ್ತಿಯಿಂದಲೂ ವರ್ಡ್‌ಪ್ರೆಸ್‌ನಲ್ಲಿದೆ, ಮತ್ತು ಅದು ನನಗೆ ತಿಳಿದೇ ಇತ್ತು. ಆದರೆ ಆ ಮೆನು ಹೊರಹಾಕುವ ಎಚ್‌ಟಿಎಂಎಲ್‌ನ ಪ್ರತಿ ಸಾಲಿನಲ್ಲೂ ಐದಾರು ಕ್ಲಾಸ್ ಹೆಸರುಗಳು (ಪುಟದ ಭಾಗಗಳನ್ನು ಗುರುತಿಸುವ ಹಣೆಪಟ್ಟಿಗಳು) ಕಿಕ್ಕಿರಿದಿರುವುದನ್ನು ಕಂಡು ಮೂಗು ಮುರಿದು, ಇದಕ್ಕಿಂತ ಚೊಕ್ಕಟವಾಗಿ ನಾನೇ ಬರೆಯುತ್ತೇನೆಂದು ಹಟ ಹಿಡಿದೆ. ಥೀಮ್ ಫೈಲ್ ಎಡಿಟರ್ ತೆರೆದಾಗ, ಥೀಮನ್ನು ನೇರವಾಗಿ ತಿದ್ದುತ್ತಿದ್ದೀರಿ, ಮುಂದಿನ ಅಪ್‌ಡೇಟಿನಲ್ಲಿ ಈ ಬದಲಾವಣೆಗಳು ಅಳಿಸಿಹೋಗಬಹುದು ಎಂಬ ಎಚ್ಚರಿಕೆಯೂ ಬಂದಿತ್ತು. ‘ಅರ್ಥವಾಯಿತು’ ಎಂಬರ್ಥದ ಗುಂಡಿಯನ್ನು ಏನೂ ಅರ್ಥ ಮಾಡಿಕೊಳ್ಳದೆ ಒತ್ತಿ ಮುಂದೆ ಹೋದೆ.

ಸೈಡ್‌ಬಾರ್ ಡಾಟ್ ಪಿಎಚ್‌ಪಿ ಫೈಲಿನಲ್ಲಿ 34 ಲಿಂಕುಗಳನ್ನು ಒಂದೊಂದಾಗಿ ಟೈಪ್ ಮಾಡಿದೆ. ಓದುಗರು ಯಾವ ಪುಟದಲ್ಲಿದ್ದಾರೋ ಅದು ಮೆನುವಿನಲ್ಲಿ ಬೇರೆ ಬಣ್ಣದಲ್ಲಿ ಕಾಣಬೇಕಲ್ಲ? ಅದಕ್ಕಾಗಿ ಪ್ರತಿ ಲಿಂಕಿಗೂ ‘ಈಗ ತೆರೆದಿರುವುದು ಇದೇ ಪುಟವೇ’ ಎಂದು ಪರೀಕ್ಷಿಸುವ ಒಂದೊಂದು ಷರತ್ತನ್ನು ಬರೆದೆ. ಅಂದರೆ 34 ಲಿಂಕುಗಳಿಗೆ 34 ಷರತ್ತುಗಳು. ನಾನು ಮೂಗು ಮುರಿದಿದ್ದ ಆ ಕ್ಲಾಸುಗಳ ಪೈಕಿ ‘ಕರೆಂಟ್-ಮೆನು-ಐಟಂ’ ಎಂಬುದು ಈ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡುತ್ತಿತ್ತು ಎಂಬುದು ತಿಳಿದದ್ದು ಬಹಳ ತಡವಾಗಿ. ಬಣ್ಣ, ಅಂತರ, ಗೆರೆಗಳನ್ನೆಲ್ಲ ಥೀಮಿನದೇ ಸ್ಟೈಲ್ ಡಾಟ್ ಸಿಎಸ್ಎಸ್ ಫೈಲಿನ ಕೊನೆಗೆ ಸೇರಿಸಿದೆ. ನೋಡಲು ಚೆನ್ನಾಗಿಯೇ ಇತ್ತು.

ಎರಡು ತಿಂಗಳ ನಂತರ ಥೀಮಿನ ಹೊಸ ಆವೃತ್ತಿ ಬಂದಿದೆಯೆಂಬ ಸೂಚನೆ ಕಂಡಿತು, ಅಪ್‌ಡೇಟ್ ಒತ್ತಿದೆ. ಒಂದು ನಿಮಿಷದೊಳಗೆ ನನ್ನ ಮೆನು ಇದ್ದ ಜಾಗದಲ್ಲಿ ಹುಡುಕುವ ಪೆಟ್ಟಿಗೆ ಮತ್ತು ತಿಂಗಳುವಾರು ಸಂಗ್ರಹ ಮರಳಿ ಬಂದು ಕುಳಿತಿದ್ದವು. ಗಾಬರಿಯಾಗಲಿಲ್ಲ, ಏಕೆಂದರೆ ಪ್ರತಿ ರಾತ್ರಿ ತಪ್ಪದೆ ಬ್ಯಾಕಪ್ ಆಗುತ್ತಿತ್ತು. ಹಿಂದಿನ ರಾತ್ರಿಯ ಬ್ಯಾಕಪ್ಪನ್ನು ಮರಳಿ ಹಾಕಿದೆ. ಮೆನು ಬರಲಿಲ್ಲ, ಬದಲಿಗೆ ಅಂದು ಬೆಳಿಗ್ಗೆ ಓದುಗರು ಬರೆದಿದ್ದ ಎರಡು ಪ್ರತಿಕ್ರಿಯೆಗಳೂ ಮಾಯವಾದವು.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ನನ್ನ ತಪ್ಪು ಅಪ್‌ಡೇಟ್ ಒತ್ತಿದ್ದರಲ್ಲಿ ಇರಲಿಲ್ಲ. ವರ್ಡ್‌ಪ್ರೆಸ್ ತಾಣವೊಂದು ಎರಡು ಕಡೆ ವಾಸಿಸುತ್ತದೆ. ಲೇಖನ, ಪ್ರತಿಕ್ರಿಯೆ, ಸೆಟ್ಟಿಂಗ್ ಇವು ಡೇಟಾಬೇಸಿನಲ್ಲಿರುತ್ತವೆ. ಥೀಮ್, ಪ್ಲಗಿನ್, ಚಿತ್ರಗಳು ಸರ್ವರಿನ ಫೋಲ್ಡರುಗಳಲ್ಲಿ ಫೈಲುಗಳಾಗಿರುತ್ತವೆ. ಡ್ಯಾಶ್‌ಬೋರ್ಡಿನಲ್ಲಿ ಕಟ್ಟಿದ ಮೆನುವಿನ ಪ್ರತಿಯೊಂದು ಲಿಂಕೂ ಡೇಟಾಬೇಸಿನಲ್ಲಿ, ಲೇಖನಗಳಿರುವ ಕೋಷ್ಟಕದಲ್ಲೇ, ಒಂದೊಂದು ದಾಖಲೆಯಾಗಿ ಉಳಿಯುತ್ತದೆ. ಥೀಮ್ ಅಪ್‌ಡೇಟ್ ಎಂದರೆ ಹಳೆಯ ಥೀಮಿನ ಫೋಲ್ಡರನ್ನು ಅಳಿಸಿ ಹೊಸದನ್ನು ಇಡುವುದು. ನೀವು ಯಾವ ಸಾಲನ್ನು ತಿದ್ದಿದ್ದೀರಿ ಎಂದು ಅದು ನೋಡುವುದಿಲ್ಲ, ಹಳೆಯದಕ್ಕೂ ಹೊಸದಕ್ಕೂ ಹೊಂದಾಣಿಕೆ ಮಾಡುವುದೂ ಇಲ್ಲ. ನನ್ನ ಬ್ಯಾಕಪ್ ಪ್ಲಗಿನ್ ನಕಲು ಮಾಡುತ್ತಿದ್ದದ್ದು ಡೇಟಾಬೇಸನ್ನು ಮಾತ್ರ, ಹಾಗೆಂದು ಆಯ್ದುಕೊಂಡಿದ್ದವನೂ ನಾನೇ. ಡೇಟಾಬೇಸಿನಲ್ಲಿ ಇರಬೇಕಾದ ಲಿಂಕುಗಳ ಪಟ್ಟಿಯನ್ನು ನಾನು ಬೇರೆಯವರ ಫೋಲ್ಡರಿನಲ್ಲಿ ಬರೆದಿಟ್ಟಿದ್ದೆ. ಹೌದು, ನಮ್ಮ ಸರ್ವರಿನಲ್ಲೇ ಇದ್ದರೂ ಥೀಮಿನ ಫೋಲ್ಡರ್ ಥೀಮ್ ಮಾಡಿದವರದು. ನಮ್ಮದು ಅಲ್ಲಿ ಬಾಡಿಗೆ ವಾಸ. ಮೆನುವನ್ನು ಡ್ಯಾಶ್‌ಬೋರ್ಡಿನಲ್ಲಿ ಕಟ್ಟಿದ್ದರೆ ಆ ದಿನ ಬಣ್ಣ, ಅಂತರಗಳಷ್ಟೇ ಹೋಗುತ್ತಿದ್ದವು, ಮೆನು ಉಳಿಯುತ್ತಿತ್ತು.

ನನ್ನನ್ನು ಕಾಪಾಡಿದ್ದು ಇನ್ನೊಂದು ಕಂಪ್ಯೂಟರಿನಲ್ಲಿ ಹಿಂದಿನ ದಿನದಿಂದ ತೆರೆದೇ ಇದ್ದ ಒಂದು ಟ್ಯಾಬ್. ಅದರಲ್ಲಿ ಹಳೆಯ ಮೆನು ಹಾಗೆಯೇ ಇತ್ತು. ಅಭ್ಯಾಸಬಲದಿಂದ ರಿಫ್ರೆಶ್ ಒತ್ತಲು ಹೋದ ಬೆರಳನ್ನು ಹಿಂದಕ್ಕೆ ಎಳೆದುಕೊಂಡು, ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು, ಮೆನುವಿನ ಎಚ್‌ಟಿಎಂಎಲ್ ಮತ್ತು ಸ್ಟೈಲ್ ಫೈಲಿನ ಕೊನೆಯ ಸಾಲುಗಳನ್ನು ನಕಲು ಮಾಡಿಕೊಂಡೆ. ಪಿಎಚ್‌ಪಿ ಷರತ್ತುಗಳು ಸಿಗಲಿಲ್ಲ, ಏಕೆಂದರೆ ಪಿಎಚ್‌ಪಿ ಸರ್ವರಿನಲ್ಲೇ ಮುಗಿದುಹೋಗುತ್ತದೆ, ಬ್ರೌಸರಿಗೆ ಬರುವುದಿಲ್ಲ. ಅವು ಸಿಗದೆ ಹೋದದ್ದೇ ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತದೆ. ಆಮೇಲೆ, ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಚೈಲ್ಡ್ ಥೀಮ್, ಅಂದರೆ ಮೂಲ ಥೀಮನ್ನು ಮುಟ್ಟದೆ ನಮ್ಮ ತಿದ್ದುಪಡಿಗಳನ್ನು ಬೇರೆ ಫೋಲ್ಡರಿನಲ್ಲಿ ಇಡುವ ಮರಿ ಥೀಮ್, ಮಾಡುವುದನ್ನು ಕಲಿತೆ.

ಇನ್ನು ನಿಮ್ಮ ಮೆನುವಿನ ವಿಷಯ. ನಿಮಗೆ ಮೂರು ಹಂತದ ಮೆನು ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬಹುತೇಕ ಥೀಮುಗಳಲ್ಲಿ ಮೊಬೈಲಿನ ಕಿರಿದಾದ ಪರದೆಗೆ ಬಂದೊಡನೆ ಸೈಡ್‌ಬಾರ್ ಲೇಖನದ ಕೆಳಗೆ ಇಳಿದುಬಿಡುತ್ತದೆ. ಅಲ್ಲಿಯವರೆಗೆ ಹೋದ ಓದುಗನಿಗೆ ಮೂರು ಹಂತಗಳನ್ನು ಬಿಡಿಸಿ ನೋಡುವ ತಾಳ್ಮೆ ಇರುವುದಿಲ್ಲ. ಮೌಸ್ ತಂದೊಡನೆ ತೆರೆಯುವುದಂತೂ ಬೇಡವೇ ಬೇಡ. ಬೆರಳಿನಿಂದ ಮುಟ್ಟುವವರಿಗೆ ಮೌಸ್ ಎಂಬುದೇ ಇಲ್ಲ, ಕೀಬೋರ್ಡಿನ ಟ್ಯಾಬ್ ಕೀಲಿಯಿಂದ ಸಾಗುವವರಿಗೆ ಆ ಒಳಮೆನು ತೆರೆಯುವುದೇ ಇಲ್ಲ, ಮತ್ತು ಮೌಸ್ ಇರುವವರಿಗೂ ಲಂಬವಾದ ಮೆನುವಿನಲ್ಲಿ ಒಂದು ತೆರೆದರೆ ಕೆಳಗಿನವೆಲ್ಲ ಜಾರಿ, ಒತ್ತಲು ಹೊರಟದ್ದು ಒಂದಾದರೆ ಒತ್ತುವುದು ಇನ್ನೊಂದಾಗುತ್ತದೆ.

ಈಗ ನನ್ನ ತಾಣದಲ್ಲಿರುವುದು ಎರಡೇ ಹಂತ. ಮೆನುವನ್ನು ಡ್ಯಾಶ್‌ಬೋರ್ಡಿನಲ್ಲಿ ಕಟ್ಟಿ, ನ್ಯಾವಿಗೇಶನ್ ಮೆನು ವಿಜೆಟ್ (ಸೈಡ್‌ಬಾರಿನಲ್ಲಿ ಇಡುವ ಸಿದ್ಧ ತುಣುಕು) ಮೂಲಕ ಸೈಡ್‌ಬಾರಿನಲ್ಲಿ ಇಟ್ಟಿದ್ದೇನೆ. ಉಳಿದದ್ದು ಸಿಎಸ್ಎಸ್‌ನ ಕೆಲಸ: ‘ಸಬ್-ಮೆನು’ ಕ್ಲಾಸಿನ ಪಟ್ಟಿಗಳನ್ನೆಲ್ಲ ಮರೆಮಾಡುವ ಒಂದು ನಿಯಮ, ‘ಕರೆಂಟ್-ಮೆನು-ಐಟಂ’ ಮತ್ತು ‘ಕರೆಂಟ್-ಮೆನು-ಆನ್‌ಸೆಸ್ಟರ್’ (ತೆರೆದಿರುವ ಪುಟದ ಮೇಲಿನ ಹಂತದ ಲಿಂಕು) ಕ್ಲಾಸುಗಳ ನೇರ ಒಳಗಿರುವ ಸಬ್-ಮೆನುವನ್ನು ಮಾತ್ರ ತೋರಿಸುವ ಇನ್ನೊಂದು ನಿಯಮ. ಓದುಗ ಯಾವ ವಿಭಾಗದಲ್ಲಿದ್ದಾನೋ ಅದರ ಮರಿಗಳು ಮಾತ್ರ ಕಾಣುತ್ತವೆ, ಜಾವಾಸ್ಕ್ರಿಪ್ಟ್ ಒಂದು ಸಾಲೂ ಬೇಕಿಲ್ಲ. ಒಂದು ಎಚ್ಚರಿಕೆ: ಮೇಲಿನ ಹಂತದ ಪ್ರತಿ ಲಿಂಕೂ ನಿಜವಾದ ಪುಟಕ್ಕೇ ಹೋಗಬೇಕು. ಅದಕ್ಕೆ ಬರಿಯ ಹ್ಯಾಶ್ ಚಿಹ್ನೆ ಕೊಟ್ಟಿದ್ದರೆ, ಒತ್ತಿದಾಗ ಯಾವ ಪುಟವೂ ತೆರೆಯದೆ ಒಳಗಿನ ಪಟ್ಟಿ ಮುಚ್ಚಿಯೇ ಇರುತ್ತದೆ.

ಈ ಸಾಲುಗಳನ್ನು ಡ್ಯಾಶ್‌ಬೋರ್ಡಿನಲ್ಲಿ ತಾಣದ ರೂಪ ಬದಲಿಸುವ ಕಸ್ಟಮೈಸರಿನ ‘ಅಡಿಷನಲ್ ಸಿಎಸ್ಎಸ್’ ಪೆಟ್ಟಿಗೆಯಲ್ಲಿ ಬರೆದರೂ ಸಾಕು, 2016ರ 4.7 ಆವೃತ್ತಿಯಿಂದ ಇರುವ ಆ ಪೆಟ್ಟಿಗೆಯ ಬರಹ ಡೇಟಾಬೇಸಿನಲ್ಲಿ ಉಳಿಯುತ್ತದೆ, ಆದ್ದರಿಂದ ಅಪ್‌ಡೇಟಿಗೆ ಅಂಜಬೇಕಿಲ್ಲ. ಆದರೆ ಅದು ಆಯಾ ಥೀಮಿನ ಹೆಸರಿಗೆ ಕಟ್ಟುಬಿದ್ದಿರುತ್ತದೆ. ಮುಂದೆ ಚೈಲ್ಡ್ ಥೀಮಿಗೆ ಬದಲಾಯಿಸಿದ ದಿನ ಪೆಟ್ಟಿಗೆ ಖಾಲಿ ಕಂಡರೆ ಬೆಚ್ಚಬೇಡಿ, ಹಳೆಯದರಿಂದ ನಕಲು ಮಾಡಿ ಹಾಕಿಕೊಳ್ಳಿ. ಎರಡು ನಿಯಮಗಳ ಕೆಲಸಕ್ಕೆ ಪ್ಲಗಿನ್ ಹಾಕುವುದು ನನಗೆ ಸರಿಕಾಣುವುದಿಲ್ಲ, ಅಷ್ಟೇ. ನಿಮ್ಮದು 2022ರ ಜನವರಿಯ ನಂತರ ಬಂದ ಬ್ಲಾಕ್ ಥೀಮುಗಳ (ಇಡೀ ತಾಣವನ್ನು ಬ್ಲಾಕ್ ಎಂಬ ತುಣುಕುಗಳಿಂದ ಕಟ್ಟುವ ಥೀಮುಗಳ) ಪೈಕಿಯದಾಗಿದ್ದರೆ ಈ ಮಾತೇ ಬೇರೆ. ಅದರಲ್ಲಿ ಸೈಟ್ ಎಡಿಟರಿನ ನ್ಯಾವಿಗೇಶನ್ ಬ್ಲಾಕಿನಲ್ಲೇ ಒಳಮೆನುವನ್ನು ಒತ್ತಿದಾಗ ಮಾತ್ರ ತೆರೆಯುವಂತೆ ಮಾಡಬಹುದು. ಸೈಡ್‌ಬಾರ್ ಡಾಟ್ ಪಿಎಚ್‌ಪಿ ಎಂದು ನೀವು ಹೇಳಿರುವುದರಿಂದ ನಿಮ್ಮದು ಹಳೆಯ ಬಗೆಯ ಥೀಮ್ ಎಂದುಕೊಂಡಿದ್ದೇನೆ.

ಈಗಾಗಲೇ ತಿದ್ದಿರುವ ಸಾಲುಗಳಿಗೆ ಇವತ್ತೇ ದಾರಿ ಮಾಡಿ. ಮೊದಲು ಥೀಮಿನ ಸ್ವಯಂಚಾಲಿತ ಅಪ್‌ಡೇಟ್ ಆನ್ ಆಗಿದೆಯೇ ನೋಡಿ, ಆಗಿದ್ದರೆ ನಿಲ್ಲಿಸಿ. ನಂತರ ಸರ್ವರಿನಿಂದ ಥೀಮಿನ ಇಡೀ ಫೋಲ್ಡರನ್ನು ಇಳಿಸಿಕೊಂಡು, ಅದೇ ಆವೃತ್ತಿಯ ತಿದ್ದದ ಪ್ರತಿಯೊಂದಿಗೆ ಹೋಲಿಸಿ; ವ್ಯತ್ಯಾಸ ಕಂಡ ಸಾಲುಗಳೇ ನಿಮ್ಮವು. ಒಂದು ಹೊಸ ಫೋಲ್ಡರಿನಲ್ಲಿ ಸ್ಟೈಲ್ ಡಾಟ್ ಸಿಎಸ್ಎಸ್ ಫೈಲ್ ಇಟ್ಟು, ಅದರ ತಲೆಯಲ್ಲಿ ಹೊಸ ಥೀಮಿನ ಹೆಸರನ್ನೂ ‘ಟೆಂಪ್ಲೇಟ್’ ಎಂಬ ಸಾಲಿನಲ್ಲಿ ಮೂಲ ಥೀಮಿನ ಫೋಲ್ಡರ್ ಹೆಸರನ್ನೂ ಬರೆದರೆ ಚೈಲ್ಡ್ ಥೀಮ್ ಸಿದ್ಧ. ತಿದ್ದಿದ ಸೈಡ್‌ಬಾರ್ ಫೈಲನ್ನು ಅಲ್ಲಿಗೆ ಹಾಕಿದರೆ ಮೂಲದ್ದನ್ನು ಬಿಟ್ಟು ಅದನ್ನೇ ಬಳಸಲಾಗುತ್ತದೆ. ಫಂಕ್ಷನ್ಸ್ ಡಾಟ್ ಪಿಎಚ್‌ಪಿಯನ್ನು ಮಾತ್ರ ಹಾಗೆ ಇಡಿಯಾಗಿ ನಕಲು ಮಾಡಬೇಡಿ. ಎರಡೂ ಕಡೆಯದು ಒಟ್ಟಿಗೆ ಓಡುವುದರಿಂದ ಒಂದೇ ಫಂಕ್ಷನ್ ಎರಡು ಬಾರಿ ಘೋಷಣೆಯಾಗಿ ತಾಣವೇ ನಿಂತುಹೋಗಬಹುದು. ಚೈಲ್ಡ್ ಥೀಮನ್ನು ಚಾಲೂ ಮಾಡಿ, ಎಲ್ಲ ಸರಿಯಾಗಿದೆಯೆಂದು ನೋಡಿಕೊಂಡ ಮೇಲೆ ಅಪ್‌ಡೇಟ್ ಒತ್ತಿ, ಮತ್ತು ಅದು ಮುಗಿಯುವವರೆಗೆ ಹಳೆಯ ಪುಟದ ಒಂದು ಟ್ಯಾಬನ್ನು ತೆರೆದೇ ಇಟ್ಟಿರಿ.